ಕಮಾನು ಪಟ್ಟಿಗೆ ಎರಡು ತೂತು, ಅದರ ಹಿಂದೆ ಇನ್ನೂರು ವರ್ಷ

ಈ ಸಲ ಬೆಳೆ ವಿಷಯ ಅಲ್ಲ, ಕಬ್ಬಿಣದ ವಿಷಯ. ಸ್ವಲ್ಪ ಉದ್ದ ಇದೆ, ಮಧ್ಯಾಹ್ನ ಬಿಡುವಾದಾಗ ಓದಿ.

ಹೋದ ಮುಂಗಾರಿನಲ್ಲಿ ನಡೆದದ್ದು. ರಾತ್ರಿ ಚೆನ್ನಾಗಿ ಮಳೆ ಬಿದ್ದು ಕಡ್ಲೆಕಾಯಿಗೆ ಹೇಳಿ ಮಾಡಿಸಿದ ಹದ ಸಿಕ್ಕಿತ್ತು. ನಮ್ಮದು ಕೆಂಪು ಮಣ್ಣು, ಹದ ನಿಲ್ಲೋದು ಎರಡು ದಿನ, ಹೆಚ್ಚೆಂದರೆ ಮೂರು. ಬೆಳಿಗ್ಗೆ ಟ್ರ್ಯಾಕ್ಟರ್ ಕೂರಿಗೆ ಕಟ್ಟಿಕೊಂಡು ಹೊಲಕ್ಕಿಳಿದರೆ ಮೂರನೇ ಸುತ್ತಿಗೇ ಒಂದು ಕಾಲು ಬಂಡೆಗೆ ತಗುಲಿ ಮುರೀತು. ಪೇಟೆ ಅಂಗಡಿಯಲ್ಲಿ ಆ ಅಳತೆಯ ಕಾಲು ಇಲ್ಲ, ತರಿಸಬೇಕು, ನಾಲ್ಕು ದಿನ ಅಂದರು. ನನ್ನ ಶೆಡ್ಡಿನಲ್ಲಿ ಹಳೇ ಲಾರಿ ಕಮಾನು ಪಟ್ಟಿ ಬಿದ್ದಿತ್ತು. ಅದನ್ನು ಕತ್ತರಿಸಿ ಎರಡು ತೂತು ಕೊರೆದು ಬೋಲ್ಟ್ ಹಾಕಿದರೆ ಮುಗೀತು ಅಂದುಕೊಂಡೆ. ಶೆಡ್ಡಿನಲ್ಲಿ ಬೆಂಚ್ ಡ್ರಿಲ್ ಇದೆ, ವೈಸ್ ಇದೆ, ಗ್ರೈಂಡರ್ ಇದೆ, ವೆಲ್ಡಿಂಗ್ ಮಿಷನ್ ಇದೆ. ಹದಿನೈದು ವರ್ಷದಿಂದ ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಂಡು ಬಂದಿದ್ದೀನಿ, ಆ ಧೈರ್ಯ.

12 ಎಂಎಂ ಬಿಟ್ಟು ಹಾಕಿ ಒತ್ತಿದೆ. ಕಿವಿ ಹರಿಯೋ ಹಂಗೆ ಕಿರುಚಿತು. ಪಟ್ಟಿ ಮೇಲೆ ಹೊಳೆಯೋ ಚುಕ್ಕೆ ಬಿತ್ತೇ ಹೊರತು ಒಂದು ಚೂರೂ ಕೊರೆಯಲಿಲ್ಲ. ಬಿಟ್ಟಿನ ತುದಿ ನೀಲಿ ಆಯ್ತು. ಹೊಸ ಬಿಟ್ಟು ಹಾಕಿ ಇನ್ನೂ ಜೋರಾಗಿ ಒತ್ತಿದೆ. ಅದು ಪಟ್ ಅಂತ ಮುರಿದು ಒಂದು ಚೂರು ಕನ್ನಡಕಕ್ಕೆ ಬಡೀತು. ಓದೋಕೆ ಹಾಕೋ ಕನ್ನಡಕ ಆವತ್ತು ಮೂಗಿನ ಮೇಲೆ ಇದ್ದದ್ದು ನನ್ನ ಪುಣ್ಯ, ಗಾಜಿಗೆ ಬಿದ್ದ ಗುರುತು ಈಗಲೂ ಇದೆ. ಆಮೇಲೆ ಸಿಟ್ಟಿಗೆ ವೆಲ್ಡಿಂಗ್ ರಾಡಿನಿಂದ ಸುಟ್ಟು ಎರಡು ತೂತು ಹೊಡೆದೆ. ಬೋಲ್ಟ್ ಕೂತಿತು. ಮಧ್ಯಾಹ್ನ ಹೊಲಕ್ಕೆ ಹೋದೆ. ಅರ್ಧ ಎಕರೆ ದಾಟಲಿಲ್ಲ, ಸುಟ್ಟ ತೂತಿನ ಬಾಯಿಂದ ಪಟ್ಟಿ ಸೀಳಿಕೊಂಡಿತು, ಗಾಜು ಸೀಳಿದ ಹಂಗೆ.

ಸಂಜೆ ಪಕ್ಕದ ಊರಿನ ಆಚಾರಿ ಮನೆಗೆ ಹೋದೆ. ವಯಸ್ಸಾಗಿದೆ, ಕುಲುಮೆ ಹೊತ್ತಿಸೋದು ವರ್ಷಕ್ಕೆ ನಾಲ್ಕೈದು ಸಲ. ನನ್ನ ತುಂಡು ಪಟ್ಟಿ ನೋಡಿ, ಬೈಯಲೂ ಇಲ್ಲ ನಗಲೂ ಇಲ್ಲ. ಇನ್ನೊಂದು ತುಂಡು ತಗೊಂಡು ಕೆಂಪಗೆ ಕಾಯಿಸಿ, ಒಣ ಬೂದಿ ಡಬ್ಬದೊಳಗೆ ಹೂತು, "ಬೆಳಿಗ್ಗೆ ಬಾ, ಅಲ್ಲೀವರೆಗೂ ಮುಟ್ಟಬೇಡ" ಅಂದರು. ಬೆಳಿಗ್ಗೆ ನನ್ನದೇ ಡ್ರಿಲ್ಲಿನಲ್ಲಿ, ಅದೇ ಜಾತಿ ಬಿಟ್ಟಿನಲ್ಲಿ, ಸುರುಳಿ ಸುರುಳಿಯಾಗಿ ಚೂರು ಬಂತು. ಎರಡು ತೂತಿಗೆ ಹತ್ತು ನಿಮಿಷ ಹಿಡಿಯಲಿಲ್ಲ. ಆಮೇಲೆ ಮತ್ತೆ ಕಾಯಿಸಿ, ಎಣ್ಣೆಗೆ ಅದ್ದಿ, ಹದ ಹಾಕಿ ಕೊಟ್ಟರು. ಆ ಕಾಲು ಇವತ್ತಿಗೂ ಕೂರಿಗೆಯಲ್ಲಿದೆ.

ಆದರೆ ಬಿತ್ತನೆ ಮುಗಿಯೋ ಹೊತ್ತಿಗೆ ಹದ ಆರಿತ್ತು. ಕೊನೆಯ ಒಂದು ಎಕರೆ ಹುಟ್ಟುವಳಿ ಸರಿಯಾಗಲಿಲ್ಲ. ಒಂದು ದಿನದ ನನ್ನ ಹಠಕ್ಕೆ ಬಿದ್ದ ದಂಡ ಅದು.

ಅವತ್ತಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಬಿಟ್ಟು ಪಟ್ಟಿಗಿಂತ ಗಟ್ಟಿ. ಹಾಗಿದ್ದೂ ಯಾಕೆ ಸೋತಿತು? ಮಗಳು ಡಿಪ್ಲೊಮಾ ಓದುವಾಗಿನ ಪುಸ್ತಕ ಕೆದಕಿದೆ, ಫೋನಿನಲ್ಲಿ ಹುಡುಕಿದೆ, ಗೊತ್ತಾಗದ್ದನ್ನು ಅವಳ ಹತ್ತಿರ ಕೇಳಿದೆ. ಹುಡುಕುತ್ತಾ ಹೋದರೆ ಕತೆ ಸುತ್ತಾಡಿ ನಮ್ಮ ಬೆಟ್ಟದ ಬುಡಕ್ಕೇ ಬಂದು ನಿಂತಿತು. ಅದಕ್ಕೇ ಬರೀತಿದ್ದೀನಿ.

*

ನಮ್ಮ ತೋಟದಲ್ಲಿ ನಿಂತರೆ ಚನ್ನರಾಯನದುರ್ಗ ಕಾಣುತ್ತೆ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ, ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ನೋಡಿಕೊಂಡು ಬರೋಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಡಾಕ್ಟರನ್ನು ಕಳಿಸಿದ. ಹೆಸರು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು ಸೀಮೆಯೆಲ್ಲಾ ಸುತ್ತಿದ. ಅವನು ಬರೆದದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಮಧುಗಿರಿ, ಚನ್ನರಾಯನದುರ್ಗದ ಸುತ್ತಮುತ್ತ ಕಬ್ಬಿಣ ಕರಗಿಸೋದನ್ನೂ ಉಕ್ಕು ಮಾಡೋದನ್ನೂ ಕಣ್ಣಾರೆ ಕಂಡು ಬರೆದಿದ್ದಾನೆ.

ಮಳೆಗಾಲದಲ್ಲಿ ಬೆಟ್ಟದ ಬಂಡೆ ಮೇಲಿಂದ ಹರಿದು ಬರೋ ನೀರಿನ ಜೊತೆ ಕಪ್ಪು ಮರಳು ಬರುತ್ತಲ್ಲ, ನಮ್ಮ ಹಳ್ಳದಲ್ಲಿ ಈಗಲೂ ಅಯಸ್ಕಾಂತ ಹಿಡಿದರೆ ಮೆತ್ತಿಕೊಳ್ಳುತ್ತೆ, ಅದೇ ಅದಿರು. ಅದನ್ನು ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ತೆಗೀತಿದ್ದರು. ಆ ಕಬ್ಬಿಣ ಮೆತ್ತಗೆ. ಅದನ್ನು ಉಕ್ಕು ಮಾಡೋಕೆ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಒಂದು ಜಾತಿ ಬಳ್ಳಿಯ ಎರಡು ಹಸಿರೆಲೆ ಇಟ್ಟು ಬಾಯಿ ಮುಚ್ಚಿ ತಿದಿ ಒತ್ತಿ ಕಾಯಿಸ್ತಿದ್ದರು. ತಂಗಡಿ ನಿಮಗೆಲ್ಲಾ ಗೊತ್ತು, ಬದುವಿನ ಮೇಲೆ ಹಳದಿ ಹೂ ಬಿಡುತ್ತೆ, ದನ ಬಾಯಿ ಹಾಕಲ್ಲ. ಕಡ್ಡಿಯೂ ಎಲೆಯೂ ಒಳಗೇ ಸುಟ್ಟು ಇದ್ದಿಲಾಗಿ, ಆ ಇದ್ದಿಲಿನ ಸಾರ, ಅಂದರೆ ಇಂಗಾಲ, ಕಬ್ಬಿಣದೊಳಗೆ ಸೇರಿಕೊಳ್ಳುತ್ತೆ. ನೂರು ಪಾಲು ಕಬ್ಬಿಣಕ್ಕೆ ಒಂದರಿಂದ ಎರಡು ಪಾಲು ಇಂಗಾಲ. ಅಷ್ಟು ಸೇರಿದ್ದೇ ಕಬ್ಬಿಣ ಉಕ್ಕಾಯ್ತು. ಚನ್ನಪಟ್ಟಣದಲ್ಲಿ ಇದನ್ನು ತಂತಿ ಎಳೆದು ವಾದ್ಯಗಳಿಗೆ ಕಟ್ಟೋಕೆ ದೂರದೂರದ ಸೀಮೆಗೆ ಕಳಿಸ್ತಿದ್ದರು ಅಂತಲೂ ಬುಕಾನನ್ ಬರೆದಿದ್ದಾನೆ.

ಇಂಗಾಲ ಸೇರಿದ ಉಕ್ಕಿಗೆ ಒಂದು ಗುಣ ಬರುತ್ತೆ. ಕೆಂಪಗೆ ಕಾದಾಗ ಅದು ಇಂಗಾಲವನ್ನು ಪೂರ್ತಿ ಒಳಗೆಳೆದುಕೊಳ್ಳುತ್ತೆ, ಒಣಗಿದ ಹೊಲ ಮೊದಲ ಮಳೆ ಕುಡಿದ ಹಂಗೆ. ನಿಧಾನಕ್ಕೆ ಆರಿದರೆ ಇಂಗಾಲ ಮೆಲ್ಲಗೆ ಬಿಡಿಸಿಕೊಂಡು ತನ್ನ ಜಾಗ ಸೇರಿಕೊಳ್ಳುತ್ತೆ, ಉಕ್ಕು ಮೆತ್ತಗಾಗುತ್ತೆ. ಏಕಾಏಕಿ ತಣ್ಣಗಾದರೆ ಬಿಡಿಸಿಕೊಳ್ಳೋಕೆ ಹೊತ್ತಿಲ್ಲ, ಇದ್ದಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಆ ಬಿಗಿಗೇ ಉಕ್ಕು ಗಟ್ಟಿಯಾಗೋದು, ಜೊತೆಗೆ ಗಾಜಿನಂತೆ ಪೆಡಸಾಗೋದು. ನಾನು ವೆಲ್ಡಿಂಗಿನಲ್ಲಿ ಸುಟ್ಟ ತೂತಿಗೆ ಆಗಿದ್ದು ಇದೇ. ತೂತಿನ ಬಾಯಿ ಕರಗುವಷ್ಟು ಕಾದಿತ್ತು, ಸುತ್ತ ಇದ್ದ ತಣ್ಣನೆ ಪಟ್ಟಿ ಆ ಶಾಖವನ್ನು ಒಂದೇ ಉಸಿರಿಗೆ ಎಳೆದುಕೊಂಡಿತು. ನೀರಿಗೆ ಅದ್ದದೇನೇ ಹದ ಕೂತುಬಿಟ್ಟಿತು, ಅದೂ ಅತಿಯಾಗಿ. ಬಂಡೆ ತಗುಲಿದ್ದೇ ಸೀಳಿತು.

ಹದ ಹಾಕೋದು ಅಂದರೆ ಈ ಎರಡರ ನಡುವಿನ ಜಾಗ ಹುಡುಕೋದು. ಮೊದಲು ಗಟ್ಟಿ ಮಾಡಿ, ಆಮೇಲೆ ಸ್ವಲ್ಪ ಕಾಯಿಸಿ ಪೆಡಸುತನ ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕನ್ನು ಕಾಯಿಸಿದರೆ ಬಣ್ಣ ಏರುತ್ತೆ. ಸುಮಾರು 220-230 ಡಿಗ್ರಿಗೆ ಒಣ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ, ಅದನ್ನೂ ದಾಟಿದರೆ ಬೂದು. ಹಳದಿಗೆ ನಿಲ್ಲಿಸಿದರೆ ಉಳಿ, ನೀಲಿ ದಾಟಿದರೆ ಕಮಾನು. ಥರ್ಮಾಮೀಟರ್ ಹುಟ್ಟೋ ಮುಂಚಿನಿಂದ ಕಮ್ಮಾರರು ಈ ಬಣ್ಣ ನೋಡಿಯೇ ಕೆಲಸ ಮಾಡಿದ್ದು. ನಮ್ಮ ಆಚಾರಿ ಹಗಲು ಬೆಳಕಲ್ಲಿ ಉಕ್ಕು ಕಾಯಿಸಲ್ಲ, ಸಂಜೆಯೇ ಬಾ ಅಂತಾರೆ. ಯಾಕೆ ಅಂತ ಈಗ ಅರ್ಥ ಆಯ್ತು, ಬಿಸಿಲಲ್ಲಿ ಕೆಂಪು ಎಷ್ಟು ಕೆಂಪು ಅಂತ ಕಣ್ಣಿಗೆ ತಿಳಿಯಲ್ಲ.

*

ನಮ್ಮ ಉಕ್ಕಿನ ತುಂಡು ಇಂಗ್ಲೆಂಡಿಗೂ ಹೋಯ್ತು. ಬೊಂಬಾಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಅನ್ನೋ ಡಾಕ್ಟರು ಭಾರತದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷೆ ಮಾಡಿ ಬರೆದ. ಅವರ ಬಾಯಲ್ಲಿ ಅದರ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಅನ್ನೋ ಪದವೇ ಕೇಳೋದ್ರಲ್ಲೋ ಬರೆಯೋದ್ರಲ್ಲೋ ತಿರುಚಿಕೊಂಡು ಹಾಗಾಯ್ತು ಅಂತ ಬಹಳ ಪಂಡಿತರು ಹೇಳ್ತಾರೆ.

1805ರಲ್ಲಿ ಡೇವಿಡ್ ಮುಶೆಟ್ ಅನ್ನೋ ಕಬ್ಬಿಣದ ಜಾಣ ಇದೇ ವೂಟ್ಜ್ ಮೇಲೆ ಪ್ರಯೋಗ ಮಾಡಿ ಬರೆದ. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಬಿಡಿಸಿ ನೋಡಿದ. ಕರೆಂಟಿನ ಪಾಠದಲ್ಲಿ ನಾವೆಲ್ಲಾ ಓದಿದ ಫ್ಯಾರಡೆ ಇವನೇ. ಅವನ ಅಪ್ಪ ಕಮ್ಮಾರ ಅನ್ನೋದು ನನಗೆ ಮುಂಚೆ ಗೊತ್ತಿರಲಿಲ್ಲ. ಚಾಕು ಕತ್ತರಿ ಮಾಡೋ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿಕೊಂಡು ಫ್ಯಾರಡೆ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಎಲ್ಲಾ ಬೆರೆಸಿ ನೋಡಿದ. ನಮ್ಮ ಉಕ್ಕಿನಂಥದ್ದು ಮಾಡಬೇಕು, ಆದರೆ ಅದಕ್ಕಿಂತ ಒಳ್ಳೇದು ಆಗಬೇಕು, ಅದೇ ಅವರ ಹಂಬಲ. ಹೆಚ್ಚೇನೂ ದಕ್ಕಲಿಲ್ಲ. ಆದರೆ ಉಕ್ಕಿಗೆ ಬೇರೆ ಲೋಹ ಬೆರೆಸಿ ಗುಣ ಬದಲಾಯಿಸಬಹುದು ಅನ್ನೋ ದಾರಿ ತೆರೀತು.

ಆ ದಾರಿಯಲ್ಲಿ ಗೆದ್ದವನು ಡೇವಿಡ್ ಮುಶೆಟ್‌ನ ಮಗ, ರಾಬರ್ಟ್ ಮುಶೆಟ್. ಅವನ ಕತೆ ಕೇಳಿದರೆ ರೈತನ ಕತೆ ಕೇಳಿದ ಹಂಗಾಗುತ್ತೆ. ಬೆಸ್ಸೆಮರ್ ಅನ್ನೋನು ಅಗ್ಗದ ಉಕ್ಕು ಮಾಡೋ ವಿಧಾನ ಕಂಡುಹಿಡಿದಾಗ, ಆ ಉಕ್ಕು ಒಡೆದುಹೋಗದಂತೆ ಸರಿಪಡಿಸಿದ್ದು ಮುಶೆಟ್. ಅದಕ್ಕೆ ಪೇಟೆಂಟ್ ತಗೊಂಡಿದ್ದ. 1859ರಲ್ಲಿ 50 ಪೌಂಡ್ ಶುಲ್ಕ ಕಟ್ಟಲಿಲ್ಲ ಅಂತ ಅದು ಬಿದ್ದುಹೋಯ್ತು. ಬೆಸ್ಸೆಮರ್ ಸಾಹುಕಾರನಾದ, ಇವನು ಸಾಲಗಾರನಾದ. ಕೊನೆಗೆ 1866ರಲ್ಲಿ ಹದಿನಾರು ವರ್ಷದ ಮಗಳು ಮೇರಿ ಒಬ್ಬಳೇ ಲಂಡನ್ನಿಗೆ ಹೋಗಿ ಬೆಸ್ಸೆಮರ್ ಎದುರು ನಿಂತು ಕೇಳಿದಳು. ವರ್ಷಕ್ಕೆ 300 ಪೌಂಡ್ ಕೊಡೋಕೆ ಅವನು ಒಪ್ಪಿದ.

ಅದಾದ ಎರಡು ವರ್ಷಕ್ಕೆ, 1868ರಲ್ಲಿ, ಮುಶೆಟ್ ಉಕ್ಕಿಗೆ ಟಂಗ್‌ಸ್ಟನ್ ಬೆರೆಸಿದ. ಬಲ್ಬಿನೊಳಗಿನ ತಂತಿಯ ಲೋಹವೇ ಟಂಗ್‌ಸ್ಟನ್, ಕರಗಬೇಕಾದರೆ 3400 ಡಿಗ್ರಿಗೂ ಮೇಲೆ ಬೇಕು. ಆ ಉಕ್ಕಿನ ಸರಳು ನೀರಿಗೆ ಅದ್ದದೇನೇ, ಗಾಳಿಗೆ ಆರಿದರೆ ಸಾಕು, ತಾನೇ ಗಟ್ಟಿಯಾಗುತ್ತಿತ್ತು. ಅದಕ್ಕಿಂತ ದೊಡ್ಡ ವಿಷಯ, ಕೆಲಸ ಮಾಡ್ತಾ ಬಿಸಿಯಾದರೂ ಮೊನೆ ಬೇಗ ಮೆತ್ತಗಾಗಲ್ಲ. ಈ ಸಲ ಅವನು ಪೇಟೆಂಟ್ ಗೋಜಿಗೇ ಹೋಗಲಿಲ್ಲ, ಬೆರಕೆಯನ್ನು ಗುಟ್ಟಾಗಿ ಇಟ್ಟುಕೊಂಡ. ಒಂದು ಸಲ ಪೆಟ್ಟು ತಿಂದವನ ಬುದ್ಧಿ.

ಅದಕ್ಕೂ ಮುಂಚೆ ಗಟ್ಟಿ ಉಕ್ಕಿನ ಕೆಲಸ ಹೇಗೆ ನಡೀತಿತ್ತು? ನಮ್ಮ ಆಚಾರಿ ಮಾಡಿದಂತೆಯೇ. ಮೆತ್ತಗೆ ಮಾಡು, ಕೊರೆದುಕೋ, ಅರ ಹಾಕು, ಆಮೇಲೆ ಗಟ್ಟಿ ಮಾಡು. ಬೇರೆ ದಾರಿ ಅಂದರೆ ಸಾಣೆಕಲ್ಲು ಒಂದೇ. ಬಿಟ್ಟು ಅಂದರೂ ಚಪ್ಪಟೆ ಮೊನೆಯ ಬೈರಿಗೆ. ನಾವೀಗ ಬಳಸೋ ಸುರುಳಿ ಬಿಟ್ಟನ್ನು ಅಮೆರಿಕದ ಸ್ಟೀಫನ್ ಮೋರ್ಸ್ ಅನ್ನೋ ಮೆಕ್ಯಾನಿಕ್ ಮಾಡಿ 1863ರಲ್ಲಿ ಪೇಟೆಂಟ್ ತಗೊಂಡ. ಸುರುಳಿಯ ದಾರಿಯಲ್ಲಿ ಚೂರು ಮೇಲೆ ಹತ್ತಿ ಬರುತ್ತೆ, ತೂತಿನಲ್ಲಿ ಕಟ್ಟಿಕೊಳ್ಳಲ್ಲ. ಆದರೆ ಅದೂ ಬರೀ ಇಂಗಾಲದ ಉಕ್ಕೇ. ಹದ ಹಾಕಿದ ಬಿಸಿಗಿಂತ ಮೇಲೆ ಕಾದರೆ, ಅಂದರೆ 200-250 ಡಿಗ್ರಿ ದಾಟಿದರೆ, ಮೊನೆ ಹೋಯ್ತು.

*

ಈಗ ನನ್ನ ಬಿಟ್ಟಿನ ವಿಷಯಕ್ಕೆ ಬರ್ತೀನಿ. ಅದರ ಮೇಲೆ ಎಚ್‌ಎಸ್‌ಎಸ್ ಅಂತ ಬರೆದಿರುತ್ತೆ, ಹೈ ಸ್ಪೀಡ್ ಸ್ಟೀಲ್. ಆ ಹೆಸರು ನೋಡಿಯೇ ನಾನು ಸ್ಪೀಡಾಗಿ ತಿರುಗಿಸಿದ್ದು! ಅದರ ಮೂಲ ಫ್ರೆಡ್ರಿಕ್ ಟೇಲರ್ ಅನ್ನೋ ಅಮೆರಿಕದವನು. ಕಾರ್ಖಾನೆ ಕೂಲಿಯವರ ಪಕ್ಕ ಗಡಿಯಾರ ಹಿಡಿದು ನಿಂತು ಯಾವ ಕೆಲಸಕ್ಕೆ ಎಷ್ಟು ನಿಮಿಷ ಅಂತ ಲೆಕ್ಕ ಹಾಕಿದವನೂ ಇವನೇ, ಅದಕ್ಕೆ ಕೂಲಿಕಾರರ ಶಾಪವನ್ನೂ ತಿಂದ. ಆದರೆ ಲೋಹ ಕತ್ತರಿಸೋ ವಿಷಯದಲ್ಲಿ ಅವನಷ್ಟು ತಾಳ್ಮೆ ಇದ್ದವರು ಕಡಿಮೆ. 1880ರಲ್ಲಿ ಶುರು ಮಾಡಿ 26 ವರ್ಷ ಪ್ರಯೋಗ ಮಾಡಿದ. 8 ಲಕ್ಷ ಪೌಂಡ್ ಉಕ್ಕು ಮತ್ತು ಕಬ್ಬಿಣ, ನಮ್ಮ ಲೆಕ್ಕದಲ್ಲಿ 360 ಟನ್ನಿಗೂ ಹೆಚ್ಚು, ಬರೀ ಪರೀಕ್ಷೆಗೆ ಅಂತ ಚೂರಾಯ್ತು.

1898ರ ಹೊತ್ತಿಗೆ ಬೆತ್ಲಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಟೇಲರ್ ಮತ್ತು ಮೌನ್ಸೆಲ್ ವೈಟ್ ಸೇರಿ, ಉಪಕರಣದ ಉಕ್ಕನ್ನು ಎಷ್ಟು ಕಾಯಿಸಿದರೆ ಕೆಡುತ್ತೆ ಅಂತ ನೋಡ್ತಿದ್ದರು. ಚೆರ್ರಿ ಹಣ್ಣಿನ ಕೆಂಪು ದಾಟಿದರೆ ಉಕ್ಕು ಸುಟ್ಟುಹೋಯ್ತು ಅನ್ನೋದು ಎಲ್ಲಾ ದೇಶದ ಕಮ್ಮಾರರ ಮಾತು. ಪರೀಕ್ಷೆಯಲ್ಲೂ ಹಂಗೇ ಆಯ್ತು. ಸುಮಾರು 845 ಡಿಗ್ರಿಯಿಂದ 925ರ ತನಕ ಕಾಯಿಸಿದಷ್ಟೂ ಕೆಟ್ಟಿತು. ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸ್ತಿದ್ದರು. ಇವರು ಇನ್ನೂ ಮೇಲೆ ಹೋದರು. ಟಂಗ್‌ಸ್ಟನ್, ಕ್ರೋಮಿಯಂ ಸೇರಿದ ಉಕ್ಕನ್ನು ಕರಗುವ ಹತ್ತಿರಕ್ಕೆ ಕಾಯಿಸಿ ಆರಿಸಿದಾಗ, ಮುಂಚಿಗಿಂತ ಎಷ್ಟೋ ಪಾಲು ಒಳ್ಳೇದಾಯ್ತು. ಮೊನೆ ಮಂಕು ಕೆಂಪಗೆ ಕಾದರೂ ಕತ್ತರಿಸ್ತಾನೇ ಇತ್ತು. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಲೇತಿಗೆ ಹಾಕಿ ತೋರಿಸಿದರು. ನೀಲಿ ಬಣ್ಣದ ಚೂರು ಉದುರೋದನ್ನ, ಕೆಂಪಗಾದ ಮೊನೆ ಹಾಗೇ ನಿಂತಿರೋದನ್ನ ನೋಡಿ ಯೂರೋಪಿನ ಇಂಜಿನಿಯರುಗಳು ಬೆರಗಾದರು. ಅದೇ ಹೈ ಸ್ಪೀಡ್ ಸ್ಟೀಲ್.

ಕಮ್ಮಾರರ ಮಾತು ಸುಳ್ಳಾಗಿರಲಿಲ್ಲ ಅನ್ನೋದನ್ನೂ ಗಮನಿಸಿ. ಅವರಿಗೆ ಗೊತ್ತಿದ್ದ ಉಕ್ಕಿಗೆ ಅದು ಸರಿ. ಉಕ್ಕು ಬದಲಾಗಿತ್ತು, ಮಾತು ಹಳೇದೇ ಇತ್ತು. ತಳಿ ಬದಲಾಗಿ ಗೊಬ್ಬರದ ಲೆಕ್ಕ ಹಳೇದೇ ಇಟ್ಟುಕೊಂಡ ನಮ್ಮ ಹಂಗೆ.

ಟೇಲರ್ ಇನ್ನೊಂದು ಲೆಕ್ಕ ಕೊಟ್ಟ, ಅದು ನನ್ನ ಶೆಡ್ಡಿಗೆ ನೇರ ಸಂಬಂಧ. ಮೊನೆಯ ಬಾಳಿಕೆ ವೇಗದ ಮೇಲೆ ನಿಂತಿದೆ, ಅದೂ ಸಾಮಾನ್ಯವಾಗಿ ಅಲ್ಲ. ವೇಗ ನೂರಕ್ಕೆ ಹತ್ತು ಜಾಸ್ತಿ ಮಾಡಿದರೆ ಬಾಳಿಕೆ ಅರ್ಧಕ್ಕಿಂತ ಕೆಳಗೆ ಬೀಳುತ್ತೆ. ವೇಗ ಎರಡು ಪಟ್ಟಾದರೆ ಬಾಳಿಕೆ 256ರಲ್ಲಿ ಒಂದು ಪಾಲು. ನನ್ನ ಡ್ರಿಲ್ಲಿನ ಬೆಲ್ಟು ಆವತ್ತು 1400 ಸುತ್ತಿನ ಪುಲ್ಲಿಯಲ್ಲಿತ್ತು. 12 ಎಂಎಂ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 53 ಮೀಟರ್ ಓಡ್ತಿತ್ತು ಅಂತಾಯ್ತು. ಹದ ಹಾಕಿದ ಕಮಾನು ಪಟ್ಟಿಗೆ ಎಚ್‌ಎಸ್‌ಎಸ್ ಬಿಟ್ಟು 8 ಮೀಟರ್ ಓಡಿದರೆ ಅದೇ ಜಾಸ್ತಿ, ಅಂದರೆ 210 ಸುತ್ತು. ಆರು ಪಟ್ಟಿಗೂ ಮೇಲೆ ಓಡಿಸಿದ್ದೆ. ತಣ್ಣಗಿದ್ದಾಗ ಬಿಟ್ಟೇ ಗಟ್ಟಿ, ಸಂದೇಹ ಇಲ್ಲ. ಆದರೆ ತುದಿ 600 ಡಿಗ್ರಿ ದಾಟಿದರೆ ಟೇಲರ್ ಉಕ್ಕೂ ಸೋಲುತ್ತೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ಗಟ್ಟಿತನದ ಪಂದ್ಯ ಅಲ್ಲ ಇದು, ಬಿಸಿಯಲ್ಲಿ ಗಟ್ಟಿತನ ಉಳಿಸಿಕೊಳ್ಳೋ ಪಂದ್ಯ. ತಂಗಡಿ ಕಡ್ಡಿಯಿಂದ ಟಂಗ್‌ಸ್ಟನ್‌ವರೆಗೆ ಜನ ಹುಡುಕಿದ್ದು ಅದನ್ನೇ. ನಾನು ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಸೋಲು.

*

ಇನ್ನು ಕೊನೆಯ ಮೆಟ್ಟಿಲು. ಇದು ನಮಗೆಲ್ಲಾ ಗೊತ್ತಿರೋದೇ, ಗೊತ್ತಿದೆ ಅಂತ ಗೊತ್ತಿಲ್ಲ ಅಷ್ಟೇ.

ಮೊದಲ ಮಹಾಯುದ್ಧದ ನಂತರ ಜರ್ಮನಿಯ ಬಲ್ಬ್ ಕಂಪನಿ ಒಸ್ರಾಮ್‌ಗೆ ಒಂದು ತೊಂದರೆ. ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಕೂದಲಿನಷ್ಟು ಸಣ್ಣಗೆ ಎಳೆಯೋಕೆ ವಜ್ರದ ಅಚ್ಚು ಬೇಕು, ವಜ್ರ ದುಬಾರಿ. ಅಲ್ಲಿ ಕೆಲಸ ಮಾಡ್ತಿದ್ದ ಕಾರ್ಲ್ ಶ್ರೋಟರ್, ಟಂಗ್‌ಸ್ಟನ್ ಮತ್ತು ಇಂಗಾಲ ಸೇರಿದ ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್ ಪುಡಿ ಜೊತೆ ಕಲಸಿ, ಒತ್ತಿ, ಕಾಯಿಸಿದ. ಕಡ್ಲೆಕಾಯಿ ಚಿಕ್ಕಿ ಇದ್ದ ಹಂಗೆ. ಬೀಜ ಅಂದರೆ ಕಾರ್ಬೈಡ್ ಕಾಳು, ಹಿಡಿದಿಡೋ ಬೆಲ್ಲ ಅಂದರೆ ಕೋಬಾಲ್ಟ್. 1923ರಲ್ಲಿ ಪೇಟೆಂಟ್ ಆಯ್ತು. ಅದೇ 1923ರಲ್ಲಿ ನಮ್ಮ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣ ತೆಗೆಯೋಕೆ ಶುರು ಮಾಡಿತು. ಕಾರ್ಬೈಡನ್ನು ಕ್ರುಪ್ ಕಂಪನಿ 1926-27ರಲ್ಲಿ ವಿಡಿಯಾ ಅನ್ನೋ ಹೆಸರಲ್ಲಿ ಮಾರಾಟಕ್ಕೆ ತಂತು. ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಅನ್ನೋ ಮಾತಿನ ಮೊಟಕು ಅದು. ನಮ್ಮ ಲೇತ್ ಶಾಪುಗಳಲ್ಲಿ ಈಗಲೂ "ವಿಡಿಯಾ ಟೂಲ್ ಹಾಕು" ಅಂತಾರಲ್ಲ, ಅದು ಇದೇ. ಎಚ್‌ಎಸ್‌ಎಸ್ 600 ಡಿಗ್ರಿಗೆ ಕೈ ಎತ್ತಿದರೆ ಇದು 800 ದಾಟಿದರೂ ನಿಲ್ಲುತ್ತೆ.

ತಿರುಚೆಂಗೋಡಿನ ಬೋರ್‌ವೆಲ್ ಗಾಡಿ ಬಂದಾಗ ರಾಡಿನ ತುದಿಯ ಬಿಟ್ಟು ನೋಡಿದ್ದೀರಲ್ಲ. ಅದರ ಮುಖದ ಮೇಲೆ ಕಡ್ಲೆಬೀಜದಂತೆ ಕೂರಿಸಿರೋ ಗುಂಡುಗಳೇ ಟಂಗ್‌ಸ್ಟನ್ ಕಾರ್ಬೈಡ್. ಬಿಟ್ಟಿನ ಮೈ ಉಕ್ಕು, ಕಲ್ಲು ಪುಡಿ ಮಾಡೋದು ಆ ಗುಂಡುಗಳು. ಸಾವಿರ ಅಡಿ ಬಂಡೆ ಕೊರೆದು ನಮ್ಮ ನೆಲದ ನೀರನ್ನೆಲ್ಲಾ ಮೇಲೆತ್ತಿದ್ದು, ನಮ್ಮನ್ನ ಉಳಿಸಿದ್ದೋ ಮುಳುಗಿಸಿದ್ದೋ ಹೇಳೋಕಾಗಲ್ಲ, ಬಲ್ಬಿನ ತಂತಿ ಎಳೆಯೋಕೆ ಹುಟ್ಟಿದ ಆ ಪುಡಿ. ಗೋಡೆಗೆ ತೂತು ಹಾಕೋ ಕಾಂಕ್ರೀಟ್ ಬಿಟ್ಟಿನ ತುದಿಯಲ್ಲೂ ಅದೇ ಚೂರು ಬೆಸೆದಿರುತ್ತೆ.

ಇವತ್ತು ದೊಡ್ಡ ಕಾರ್ಖಾನೆಗಳಲ್ಲಿ ಬೇರಿಂಗ್, ಗೇರ್‌ನಂಥ ಹದ ಹಾಕಿದ ಉಕ್ಕನ್ನು ಮೆತ್ತಗೆ ಮಾಡದೇನೇ ಲೇತಿಗೆ ಹಾಕ್ತಾರೆ. ಅದಕ್ಕೆ 1957ರಲ್ಲಿ ಅಮೆರಿಕದಲ್ಲಿ ರಾಬರ್ಟ್ ವೆಂಟಾರ್ಫ್ ತಯಾರಿಸಿದ ಬೋರಾನ್ ನೈಟ್ರೈಡ್ ಹರಳು ಬಳಸ್ತಾರೆ. ವಜ್ರ ಇನ್ನೂ ಗಟ್ಟಿ, ಆದರೆ ವಜ್ರ ಅಂದರೆ ಇಂಗಾಲವೇ ಅಲ್ಲವೇ, ಕಾದ ಉಕ್ಕು ಅದನ್ನೂ ತಿಂದುಹಾಕುತ್ತೆ. ನಮ್ಮಂಥವರ ಶೆಡ್ಡಿಗೆ ಅದು ಬೇಡ, ಬಿಡಿ.

*

ಈಗ ನಾನು ಹೇಗೆ ಮಾಡ್ತೀನಿ ಅಂತ ಹೇಳ್ತೀನಿ, ನಿಮಗೂ ಉಪಯೋಗ ಆದೀತು.

ಮೊದಲು ಅರ ಹಾಕಿ ನೋಡಿ. ಅರ ಕಚ್ಚಿದರೆ ಮಾಮೂಲಿ ಕಬ್ಬಿಣ, ಕೊರೆಯಿರಿ. ಅರ ಜಾರಿದರೆ ಹದ ಹಾಕಿದ ಉಕ್ಕು, ನಿಲ್ಲಿ.

ಹೊತ್ತಿದ್ದರೆ ಆಚಾರಿ ದಾರಿಯೇ ಮೇಲು. ಕೆಂಪಗೆ ಕಾಯಿಸಿ. ಅಯಸ್ಕಾಂತ ಅಂಟದಷ್ಟು ಕಾಯಬೇಕು, ಅದು 770 ಡಿಗ್ರಿ, ಅದಕ್ಕಿಂತ ಸ್ವಲ್ಪ ಮೇಲೆ ಹೋಗಲಿ. ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ರಾತ್ರಿಯೆಲ್ಲಾ ಹೂತಿಡಿ. ಬೂದಿ ಹಸಿ ಇದ್ದರೆ ಕೆಲಸ ಕೆಟ್ಟಿತು. ಬೆಳಿಗ್ಗೆ ಪಂಚ್ ಗುರುತು ಹೊಡೆದು, ಮೊದಲು ಸಣ್ಣ ಬಿಟ್ಟು, ಆಮೇಲೆ ದೊಡ್ಡದು. ಬೆಲ್ಟು ಎಲ್ಲಕ್ಕಿಂತ ನಿಧಾನದ ಪುಲ್ಲಿಗೆ. ನನ್ನದರಲ್ಲಿ ಅದು 350 ಸುತ್ತು, ಮೆತ್ತಗಾದ ಪಟ್ಟಿಗೆ ಸಾಕು. ಎಣ್ಣೆ ಬಿಡ್ತಾ ಇರಿ. ಬಿಟ್ಟು ಕಚ್ಚದೆ ಬರೀ ಉಜ್ಜೋಕೆ ಬಿಡಬೇಡಿ, ಉಜ್ಜಿದರೆ ಬಿಸಿ. ಮುಗಿದ ಮೇಲೆ ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ, ಉಜ್ಜಿ, ನೀಲಿ ಬಂದು ಹೋಗುವ ತನಕ ಕಾಯಿಸಿ ಆರಲು ಬಿಡಿ. ಎಣ್ಣೆ ಹೊತ್ತಿಕೊಳ್ಳುತ್ತೆ. ಶೆಡ್ಡಿನ ಹೊರಗೇ ಮಾಡಿ, ಡಬ್ಬದ ಮುಚ್ಚಳ ಪಕ್ಕದಲ್ಲೇ ಇರಲಿ.

ಹೊತ್ತಿಲ್ಲದಿದ್ದರೆ ಕಾಂಕ್ರೀಟ್ ಬಿಟ್ಟು. ಅಂಗಡಿಯಿಂದ ತಂದ ಹಾಗೇ ಬಳಸಿದರೆ ಕತ್ತರಿಸಲ್ಲ, ಅದರ ಮೊನೆ ಕಲ್ಲು ಜಜ್ಜೋಕೆ ಮಾಡಿದ್ದು. ಹಸಿರು ಸಾಣೆಕಲ್ಲಿನಲ್ಲೋ ಡೈಮಂಡ್ ಚಕ್ರದಲ್ಲೋ ಮಸೆದು ಚೂಪು ಮಾಡಬೇಕು, ಬೂದು ಕಲ್ಲು ಅದನ್ನು ಮಸೆಯಲ್ಲ. ಹ್ಯಾಮರ್ ಬಂದ್ ಮಾಡಿ, ಬೆಂಚ್ ಡ್ರಿಲ್ಲಿನಲ್ಲೇ, ಅಲುಗಾಡದಂತೆ ಬಿಗಿದು, ಒಂದೇ ಸಮ ಒತ್ತಿ. ಕಾದ ಬಿಟ್ಟನ್ನು ನೀರಿಗೆ ಅದ್ದಬೇಡಿ, ಕಾರ್ಬೈಡ್ ಸಿಡಿಯುತ್ತೆ. ಆ ಕಡೆ ತೂತು ಬೀಳೋ ಹೊತ್ತಿಗೆ ಕೈ ಸಡಿಲ ಬಿಡಿ, ಬಿಟ್ಟು ಮುರಿಯೋದು ಅಲ್ಲೇ. ಎರಡು ದಾರಿಯಲ್ಲೂ ಕಣ್ಣಿಗೆ ಸರಿಯಾದ ಕನ್ನಡಕ ಹಾಕಿ. ನನ್ನ ಹಂಗೆ ಓದೋ ಕನ್ನಡಕ ನಂಬಬೇಡಿ.

ಕೊನೆಗೆ ಒಂದು ಮಾತು. ಬುಕಾನನ್ ಕಂಡ ಕುಲುಮೆಗಳು ಉಳಿಯಲಿಲ್ಲ. ಹಡಗಿನಲ್ಲಿ ಅಗ್ಗದ ಇಂಗ್ಲಿಷ್ ಕಬ್ಬಿಣ ಬಂತು, ಕಾಡಿನ ಸೌದೆಗೆ ಕಟ್ಟುಪಾಡು ಬಂತು, ಇದ್ದಿಲು ತುಟ್ಟಿಯಾಯ್ತು. ನಮ್ಮ ಉಕ್ಕನ್ನು ಅವರು ಬಿಡಿಸಿ ನೋಡಿದರು, ಬರೆದಿಟ್ಟರು, ಅಪ್ಪ ಬರೆದದ್ದನ್ನು ಮಗ ಮುಂದುವರಿಸಿದ. ನಮ್ಮಲ್ಲಿ ಮಾಡ್ತಿದ್ದವರ ಕೈಯಲ್ಲಿ ವಿದ್ಯೆ ಇತ್ತು, ಅವರು ಬರೆಯಲಿಲ್ಲ, ಬರೆಯೋಕೆ ಅವರನ್ನ ಯಾರೂ ಕೂರಿಸಲಿಲ್ಲ. ತಂಗಡಿ ಕಡ್ಡಿ ಎಷ್ಟು ಹಾಕ್ತಿದ್ದರು ಅನ್ನೋದು ನಮಗೆ ಗೊತ್ತಿರೋದು ಬೇರೆ ದೇಶದಿಂದ ಬಂದ ಒಬ್ಬ ಡಾಕ್ಟರು ಬರೆದುಕೊಂಡಿದ್ದಕ್ಕೆ.

ನಮ್ಮ ಆಚಾರಿ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ, ತಪ್ಪೇನಿಲ್ಲ, ಕುಲುಮೆಯಲ್ಲಿ ಹೊಟ್ಟೆ ತುಂಬಲ್ಲ. ಈ ದೀಪಾವಳಿ ಆದ ಮೇಲೆ ನಾನೇ ನಾಲ್ಕು ಸಂಜೆ ಅವರ ಹತ್ತಿರ ಕೂತು, ಯಾವ ಕೆಲಸಕ್ಕೆ ಯಾವ ಬಣ್ಣ, ಯಾವುದಕ್ಕೆ ನೀರು, ಯಾವುದಕ್ಕೆ ಎಣ್ಣೆ ಅಂತ ನೋಟ್ ಬುಕ್ಕಿನಲ್ಲಿ ಬರ್ಕೊಳ್ತೀನಿ ಅಂತ ಕೇಳಿದ್ದೀನಿ. "ಬರ್ಕೊಂಡ್ರೆ ಬರಲ್ಲ ಕಣಪ್ಪ, ತಿದಿ ಒತ್ತಬೇಕು" ಅಂದರು. ಸರಿ, ಒತ್ತೋಣ. ನಿಮ್ಮಲ್ಲಿ ಯಾರಿಗಾದರೂ ಕುಳ, ಕುಡುಗೋಲು, ಮಚ್ಚು ಹಣಿಸೋದು ಇದ್ದರೆ ಆ ನಾಲ್ಕು ಸಂಜೆ ತನ್ನಿ. ಕೂಲಿ ಅವರು ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. ಬರೋರು ಮುಂಚೆ ನನಗೊಂದು ಮಾತು ತಿಳಿಸಿ, ಇದ್ದಿಲು ಎಷ್ಟು ತರಬೇಕು ಅಂತ ಲೆಕ್ಕ ಹಾಕಬೇಕು.